ಅಂಗಡಿ ಹಿಡಿಯುವಾಗ ನಿಮ್ಮ ಕಡೆಯವರು ಯಾರು?



ಮಗನ ಓದು ಮುಗಿದಿದೆ, ಕೆಲಸ ಸಿಕ್ಕಿಲ್ಲ, ಒಂದು ಮೊಬೈಲ್ ರಿಪೇರಿ ಅಂಗಡಿಯನ್ನಾದರೂ ಇಟ್ಟುಕೊಡೋಣವೆಂದು ತಂದೆ ಯೋಚಿಸುತ್ತಾರೆ. ಮಗಳು ಹೊಲಿಗೆ ಕಲಿತಿದ್ದಾಳೆ, ಮನೆಯ ಜಗುಲಿಯಲ್ಲಿ ಕುಳಿತು ಹೊಲಿದದ್ದು ಸಾಕು, ಬಸ್ ನಿಲ್ದಾಣದ ಹತ್ತಿರ ಒಂದು ಮಳಿಗೆ ಹಿಡಿಯೋಣವೆಂದು ತಾಯಿ ಹೇಳುತ್ತಾರೆ. ಕುಟುಂಬದ ಉಳಿತಾಯ, ಸ್ವಸಹಾಯ ಸಂಘದ ಸಾಲ, ಕೆಲವೊಮ್ಮೆ ಮನೆಯಾಕೆಯ ಒಡವೆ, ಎಲ್ಲವೂ ಸೇರಿ ಆ ಒಂದು ಶಟರ್‌ನ ಒಳಗೆ ಹೋಗುತ್ತವೆ. ಹೆಣ್ಣು ನೋಡಲು ಹೋಗುವಾಗ ನಾಲ್ಕು ಮಂದಿ ಹಿರಿಯರನ್ನು ಕರೆದುಕೊಂಡು ಹೋಗುವ ನಾವು, ಮಳಿಗೆ ನೋಡಲು ಮಾತ್ರ ದಲ್ಲಾಳಿಯ ಬೈಕಿನ ಹಿಂದೆ ಒಬ್ಬರೇ ಕುಳಿತು ಹೋಗಿಬಿಡುತ್ತೇವೆ.

ಈ ತಿಂಗಳು ಈ ವಿಷಯವನ್ನು ಸೇಲಂ, ಧರ್ಮಪುರಿ ಜಿಲ್ಲೆಗಳ ನಮ್ಮ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಈ ಕಡೆಗೂ ಆ ಕಡೆಗೂ ನಂಟು ಹಳೆಯದು. 1930ರಲ್ಲಿ ಸೇಲಂ ಧರ್ಮಪ್ರಾಂತ್ಯ ರಚನೆಯಾದಾಗ ಅದರ ಒಂದು ಭಾಗ ಮೈಸೂರು ಧರ್ಮಪ್ರಾಂತ್ಯದಿಂದಲೇ ಹೋದದ್ದು. ಆಮೇಲೆ 1997ರಲ್ಲಿ ಧರ್ಮಪುರಿ ಬೇರೆ ಧರ್ಮಪ್ರಾಂತ್ಯವಾಯಿತು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಬ್ಯಾಂಕಿನಲ್ಲಿ ಇಂಗ್ಲಿಷ್ ಎನ್ನುವ ಬದುಕು ಅಲ್ಲಿಯವರದು. ಮಾತನಾಡುವ ತಮಿಳು ಎಲ್ಲರಿಗೂ ಬರುತ್ತದೆ. ಆದರೆ ಬಾಡಿಗೆ ಕರಾರು ಪತ್ರದ ತಮಿಳು ಬೇರೆ. ಅದನ್ನು ತಮಿಳರೇ ಎರಡು ಸಲ ಓದಬೇಕಾಗುತ್ತದೆ. ಅಂಥ ಪತ್ರಕ್ಕೆ "ಎಲ್ಲ ಸರಿಯಾಗಿದೆ, ಸೈನ್ ಹಾಕಿ ಅಣ್ಣಾ" ಎಂದು ಹೇಳುವವನು ಯಾರ ಕಡೆಯವನು? ಇದೊಂದು ಪ್ರಶ್ನೆಯನ್ನು ಕೇಳಿಕೊಂಡರೆ ಅರ್ಧ ವಿಷಯ ತಿಳಿದ ಹಾಗೆ.

ದಲ್ಲಾಳಿಗಳನ್ನು ಬೈಯುವುದು ನನ್ನ ಉದ್ದೇಶವಲ್ಲ. ಸೇಲಂನ ಶೆವ್ವಾಪೇಟೆಯಲ್ಲೋ ಐದು ರಸ್ತೆಯ ಹತ್ತಿರವೋ ಯಾವ ಮಳಿಗೆ ಮುಂದಿನ ತಿಂಗಳು ಖಾಲಿಯಾಗುತ್ತದೆ, ಯಾವ ಕಟ್ಟಡದಲ್ಲಿ ನೀರಿಗೆ ತೊಂದರೆ, ಯಾವ ಬೀದಿಯಲ್ಲಿ ಸಂಜೆ ಹೊತ್ತು ಜನ ಓಡಾಡುತ್ತಾರೆ ಎಂಬುದು ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಆ ತಿಳಿವಳಿಕೆಗೆ ಬೆಲೆ ಕೊಡಲೇಬೇಕು. ತೊಡಕಿರುವುದು ಅವರ ಸ್ವಭಾವದಲ್ಲಲ್ಲ, ಅವರಿಗೆ ಹಣ ಬರುವ ದಾರಿಯಲ್ಲಿ.

ಒಂದು ಲೆಕ್ಕ ಮಾಡಿ ನೋಡೋಣ. ಧರ್ಮಪುರಿಯಲ್ಲಿ ಒಂದು ಮಳಿಗೆಗೆ ಮಾಲೀಕರು ತಿಂಗಳಿಗೆ 12,000 ರೂಪಾಯಿ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆಂದು ಇಟ್ಟುಕೊಳ್ಳಿ. ದಲ್ಲಾಳಿಗೆ ಎರಡೂ ಕಡೆಯಿಂದ ಒಂದೊಂದು ತಿಂಗಳ ಬಾಡಿಗೆ, ಒಟ್ಟು 24,000. ಗಟ್ಟಿಯಾಗಿ ಚೌಕಾಸಿ ಮಾಡಿದರೆ ಬಾಡಿಗೆ 10,500ಕ್ಕೆ ಇಳಿಯಬಹುದು ಎನ್ನೋಣ. ಆಗ ನಿಮಗೆ ವರ್ಷಕ್ಕೆ 18,000, ಮೂರು ವರ್ಷಕ್ಕೆ 54,000 ರೂಪಾಯಿ ಉಳಿಯುತ್ತದೆ. ಅಡ್ವಾನ್ಸ್‌ನಲ್ಲೂ 15,000 ಕಡಿಮೆ. ದಲ್ಲಾಳಿಗೆ ಏನಾಯಿತು? ಅವರ 24,000 ಹೋಗಿ 21,000 ಆಯಿತು. ನಿಮಗಾಗಿ ಮಾಲೀಕರ ಹತ್ತಿರ ವಾದ ಮಾಡಿ, ಅವರ ಮನಸ್ಸು ಕೆಡಿಸಿಕೊಂಡು, ಕೊನೆಗೆ ತನಗೇ 3,000 ನಷ್ಟ! ಯಾರು ತಾನೇ ಮಾಡುತ್ತಾರೆ? ಇನ್ನೂ ಒಂದು ಮಾತು. ನೀವು ಜೀವಮಾನದಲ್ಲಿ ಒಂದೋ ಎರಡೋ ಮಳಿಗೆ ಹಿಡಿಯುವವರು. ಆ ಮಾಲೀಕರಿಗೆ ಹತ್ತು ಮಳಿಗೆಗಳಿದ್ದರೆ, ಪ್ರತಿ ವರ್ಷ ಒಂದಲ್ಲ ಒಂದು ಖಾಲಿಯಾಗುತ್ತಲೇ ಇರುತ್ತದೆ. ದಲ್ಲಾಳಿಯ ನಾಳೆಯ ಊಟ ಅವರ ಕೈಯಲ್ಲಿದೆ, ನಿಮ್ಮ ಕೈಯಲ್ಲಲ್ಲ.

ಆದ್ದರಿಂದ ದೊಡ್ಡ ಊರುಗಳಲ್ಲಿ, ವಿಶೇಷವಾಗಿ ಹೊರದೇಶಗಳಲ್ಲಿ, ಬಾಡಿಗೆದಾರರ ಪರವಾಗಿ ಮಾತ್ರ ಕೆಲಸ ಮಾಡುವವರು ಎಂಬ ಒಂದು ವರ್ಗವೇ ಬೆಳೆದಿದೆ. ನ್ಯೂಯಾರ್ಕ್‌ನಲ್ಲಿ 1954ರಲ್ಲಿ ಜೂಲಿಯನ್ ಸ್ಟಡ್ಲಿ ಎಂಬವರು ಆರಂಭಿಸಿದ ಸಂಸ್ಥೆ ಬಾಡಿಗೆದಾರರ ಪ್ರತಿನಿಧಿಯಾಗಿಯೇ ಹೆಸರು ಮಾಡಿತು. 2014ರಲ್ಲಿ ಲಂಡನ್ನಿನ ಸ್ಯಾವಿಲ್ಸ್ ಕಂಪನಿ ಅದನ್ನು ಕೊಂಡುಕೊಂಡಿತು. ಅದೇ 2014ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾನೂನು ಮಾಡಿತು. ಮನೆ ಮಾರಾಟದಲ್ಲಿ ಆವರೆಗೆ ಇದ್ದ ನಿಯಮವನ್ನು ಅಂಗಡಿ, ಕಚೇರಿಗಳ ವ್ಯವಹಾರಕ್ಕೂ ವಿಸ್ತರಿಸಿ, ತಾನು ಯಾರ ಪರ, ಮಾಲೀಕರದ್ದೋ ಬಾಡಿಗೆದಾರರದ್ದೋ ಇಬ್ಬರದ್ದೋ ಎಂದು ಏಜೆಂಟ್ ಬರಹದಲ್ಲಿ ತಿಳಿಸಬೇಕೆಂದು ವಿಧಿಸಿತು. 2015ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ನಮ್ಮ ಬೆಂಗಳೂರಿನಲ್ಲಿಯೂ ದೊಡ್ಡ ಕಂಪನಿಗಳಿಗೆ ಕಚೇರಿ ಹುಡುಕಿಕೊಡುವ ಅಂತರರಾಷ್ಟ್ರೀಯ ಸಂಸ್ಥೆಗಳು ಬಾಡಿಗೆದಾರರ ವಿಭಾಗವನ್ನು ಬೇರೆ ಇಟ್ಟಿವೆ. ಅದೇ ಸಂಸ್ಥೆಗಳಲ್ಲಿ ಕಟ್ಟಡದ ಮಾಲೀಕರ ವಿಭಾಗವೂ ಇರುತ್ತದೆ ಎಂಬುದು ಬೇರೆ ಮಾತು.

ಸೇಲಂನಲ್ಲಿ ಒಂದು ಹೊಲಿಗೆ ಅಂಗಡಿಗಾಗಿ ಅಂಥ ಸಂಸ್ಥೆ ಬರುವುದಿಲ್ಲ. ಕಾನೂನೂ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಏಜೆಂಟರು ನೋಂದಣಿ ಮಾಡಿಕೊಳ್ಳಬೇಕೆಂದು ಹೇಳುವ 2016ರ ರೇರಾ ಕಾಯಿದೆ ಮಾರಾಟದ ವ್ಯವಹಾರಕ್ಕೆ ಸಂಬಂಧಿಸಿದ್ದು. ಬಾಡಿಗೆಗೆ ಪಡೆಯುವವರನ್ನು ಅದು ತನ್ನ ರಕ್ಷಣೆಯ ವ್ಯಾಪ್ತಿಯಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆಯನ್ನು ತೆರೆದು ನೋಡಿದರೆ ಒಂದು ತಮಾಷೆ ಕಾಣುತ್ತದೆ. ಮಾಲೀಕರ ಪರವಾಗಿ ಬಾಡಿಗೆದಾರರೊಂದಿಗೆ ವ್ಯವಹರಿಸುವವನಿಗೆ ಅಲ್ಲಿ 'ಪ್ರಾಪರ್ಟಿ ಮ್ಯಾನೇಜರ್' ಎಂಬ ಹೆಸರಿದೆ, ವ್ಯಾಖ್ಯೆ ಇದೆ, ಕರ್ತವ್ಯಗಳಿವೆ. ಬಾಡಿಗೆದಾರರ ಪರವಾಗಿ ಮಾಲೀಕರೊಂದಿಗೆ ವ್ಯವಹರಿಸುವವನಿಗೆ ಅಂಥ ಹೆಸರಿಲ್ಲ.

ಹೆಸರಿಲ್ಲದಿದ್ದರೆ ಏನಂತೆ? ನಮ್ಮ ಹಳೆಯ 1872ರ ಕರಾರು ಕಾಯಿದೆ ಸಾಕು. ನಿಮ್ಮ ಪರವಾಗಿ ಮಾತನಾಡಲು ನೀವು ಒಬ್ಬರನ್ನು ನೇಮಿಸಿಕೊಂಡರೆ ಅವರು ನಿಮ್ಮ ಏಜೆಂಟ್. ಅವರು ನಿಮಗೆ ಲೆಕ್ಕ ಒಪ್ಪಿಸಬೇಕು, ಕಷ್ಟದ ಸಂಗತಿ ಎದುರಾದಾಗ ನಿಮ್ಮನ್ನು ಕೇಳಬೇಕು. ನಿಮಗೆ ತಿಳಿಸದೆ ಆ ವ್ಯವಹಾರದಲ್ಲಿ ತಮ್ಮ ಸ್ವಂತಕ್ಕೆ ಲಾಭ ಮಾಡಿಕೊಂಡರೆ ಆ ಲಾಭವನ್ನು ಕೇಳುವ ಹಕ್ಕು ನಿಮ್ಮದು. 216ನೇ ಕಲಮಿಗೆ ಕಾಯಿದೆಯೇ ಕೊಟ್ಟಿರುವ ಉದಾಹರಣೆ ಸೊಗಸಾಗಿದೆ: ಒಂದು ಮನೆಯನ್ನು ತನಗೆ ಕೊಡಿಸು ಎಂದು ಒಬ್ಬನು ಏಜೆಂಟ್‌ಗೆ ಹೇಳುತ್ತಾನೆ, ಏಜೆಂಟ್ "ಅದು ಸಿಗುವುದಿಲ್ಲ" ಎಂದು ಹೇಳಿ ತಾನೇ ಕೊಂಡುಕೊಳ್ಳುತ್ತಾನೆ, ಅವನು ಕೊಂಡ ಬೆಲೆಗೇ ಅದನ್ನು ತನಗೆ ಕೊಡುವಂತೆ ಮೊದಲಿನವನು ಒತ್ತಾಯಿಸಬಹುದು. ನೂರೈವತ್ತು ವರ್ಷಗಳ ಹಿಂದೆಯೇ ಈ ರೋಗವನ್ನು ಬಲ್ಲವರಿದ್ದರು ಎಂದಾಯಿತು. ಆದರೆ ಈ ಹಕ್ಕುಗಳೆಲ್ಲ ದೊರೆಯುವುದು ಆ ವ್ಯಕ್ತಿ ನಿಮ್ಮವನು ಎಂದು ಗೊತ್ತಾದಾಗ. ಎರಡೂ ಕಡೆ ಕೈಚಾಚುವ ದಲ್ಲಾಳಿ ಯಾರ ಏಜೆಂಟ್ ಎಂದು ಕೋರ್ಟಿನಲ್ಲಿ ಕೇಳಿದರೆ ನೀವು ಏನು ತೋರಿಸುತ್ತೀರಿ?

ಹಾಗಾಗಿ ಒಂದು ಪುಟದ ಪತ್ರ ಸಾಕು. ಇಂಥ ಮಳಿಗೆ ಹಿಡಿಯುವ ವಿಷಯದಲ್ಲಿ ಇವರು ನನ್ನ ಪರವಾಗಿ ಮಾತ್ರ ಕೆಲಸ ಮಾಡುತ್ತಾರೆ, ಮಾಲೀಕರಿಂದಾಗಲಿ ದಲ್ಲಾಳಿಯಿಂದಾಗಲಿ ಏನನ್ನೂ ಪಡೆಯುವುದಿಲ್ಲ, ಇವರಿಗೆ ನಾನು ಕೊಡುವ ಹಣ ಇಷ್ಟು, ಎಂದು ಬರೆದು ಇಬ್ಬರೂ ಸಹಿ ಹಾಕಿ. ಆ 'ಇಷ್ಟು' ಎಂಬುದರಲ್ಲಿ ಒಂದು ಎಚ್ಚರಿಕೆ ಬೇಕು. ನಿಮ್ಮ ಕಡೆಯವರಿಗೂ 'ಒಂದು ತಿಂಗಳ ಬಾಡಿಗೆ' ಎಂದು ಗೊತ್ತುಮಾಡಿದರೆ ಮತ್ತೆ ಅದೇ ಕಥೆ: ಬಾಡಿಗೆ ಏರಿದಷ್ಟೂ ಅವರ ಪಾಲು ಏರುತ್ತದೆ. ಐದು ಸಾವಿರವೋ ಎಂಟು ಸಾವಿರವೋ, ಒಂದು ನಿಶ್ಚಿತ ಮೊತ್ತ ಕೊಡಿ. ಮಳಿಗೆ ಬೇಡವೆಂದು ಅವರು ಸಲಹೆ ಕೊಟ್ಟರೂ ಅಷ್ಟೇ ಕೊಡಿ. ಅದನ್ನು ಕೊಡಲು ಮನಸ್ಸು ಹಿಂಜರಿಯುತ್ತದೆ, ನಿಜ. ಆದರೆ 'ಬೇಡ' ಎಂದು ಹೇಳಿ ಹಣ ಪಡೆಯುವ ಸ್ವಾತಂತ್ರ್ಯವಿಲ್ಲದವನ ಬಾಯಿಂದ 'ಬೇಡ' ಎಂಬ ಮಾತು ಬರುವುದು ಅಪರೂಪ.

ಇಷ್ಟೆಲ್ಲ ಏಕೆ, ತಮಿಳುನಾಡಿನಲ್ಲಿ ಹೊಸ ಬಾಡಿಗೆ ಕಾನೂನು ಬಂದಿದೆಯಲ್ಲ, ಅದೇ ನಮ್ಮನ್ನು ಕಾಪಾಡುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಬಂದಿರುವುದು ನಿಜ. 1960ರ ಹಳೆಯ ಕಾಯಿದೆಯ ಬದಲಿಗೆ 2017ರಲ್ಲಿ ಮಾಡಿದ ಮಾಲೀಕರ ಮತ್ತು ಬಾಡಿಗೆದಾರರ ಹಕ್ಕು ಹೊಣೆಗಳ ಕಾಯಿದೆ 2019ರ ಫೆಬ್ರವರಿ 22ರಿಂದ ಜಾರಿಯಾಯಿತು. ಮನೆಗೂ ಅಂಗಡಿಗೂ ಅದು ಅನ್ವಯ. ಕರಾರು ಬರಹದಲ್ಲಿಯೇ ಇರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ಅದನ್ನು ದಾಖಲಿಸಬೇಕು. ಜಗಳವಾಯಿತೆಂದು ಮಾಲೀಕರು ನೀರು, ವಿದ್ಯುತ್ ನಿಲ್ಲಿಸುವಂತಿಲ್ಲ. ಇವೆಲ್ಲ ಒಳ್ಳೆಯವೇ. ಆದರೆ ಹಳೆಯ ಕಾಯಿದೆಯಲ್ಲಿ ನ್ಯಾಯವಾದ ಬಾಡಿಗೆಯನ್ನು ನಿಗದಿ ಮಾಡುವಂತೆ ಬಾಡಿಗೆ ನಿಯಂತ್ರಣಾಧಿಕಾರಿಯನ್ನು ಕೇಳಬಹುದಿತ್ತು. ಹೊಸದರಲ್ಲಿ ಬಾಡಿಗೆ ಎಂದರೆ ನೀವಿಬ್ಬರೂ ಒಪ್ಪಿಕೊಂಡದ್ದು. ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚಿರಬಾರದು ಎಂದು ಕಾಯಿದೆ ಹೇಳುತ್ತದೆ, ಆದರೆ ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ ಮಾತ್ರ! ಹತ್ತು ತಿಂಗಳು ಎಂದು ಬರೆದ ಪತ್ರಕ್ಕೆ ಸಹಿ ಹಾಕಿದ ಮೇಲೆ ಆ ಮೂರು ತಿಂಗಳ ಮಾತು ನಿಮ್ಮ ನೆರವಿಗೆ ಬರದು. ಕಾನೂನು ಹೆಚ್ಚಿನದನ್ನು ನಿಮ್ಮ ಒಪ್ಪಿಗೆಗೇ ಬಿಟ್ಟಿದೆ. ಒಪ್ಪಿಗೆಯ ಮೇಜಿನ ಮುಂದೆ ನಿಮ್ಮ ಪಕ್ಕದಲ್ಲಿ ಯಾರು ಕುಳಿತಿದ್ದಾರೆ ಎಂಬುದು ಹಿಂದಿಗಿಂತ ಈಗ ಹೆಚ್ಚು ಮುಖ್ಯವಾಗಿದೆ.

ಅವರು ಕುಳಿತು ಮಾಡಬೇಕಾದ ಕೆಲಸ ಚೌಕಾಸಿಯೊಂದೇ ಅಲ್ಲ. ಮೊದಲು ನೋಡಬೇಕಾದದ್ದು ಋಣಭಾರ ಪತ್ರ, ಅಲ್ಲಿಯವರು ವಿಲ್ಲಂಗಂ ಎನ್ನುತ್ತಾರಲ್ಲ, ಅದು. ಬೀಗದ ಕೈ ಕೊಟ್ಟವರೇ ಮಾಲೀಕರೆಂದು ನಾವು ನಂಬುತ್ತೇವೆ. ಕಟ್ಟಡ ನಾಲ್ವರು ಅಣ್ಣತಮ್ಮಂದಿರ ಹೆಸರಿನಲ್ಲಿರಬಹುದು, ಬ್ಯಾಂಕಿನಲ್ಲಿ ಅಡವಿರಬಹುದು. ಸಾಲ ತೀರದೆ ಬ್ಯಾಂಕು 2002ರ ಸರ್ಫೇಸಿ ಕಾಯಿದೆಯಂತೆ ಕಟ್ಟಡವನ್ನು ವಶಪಡಿಸಿಕೊಳ್ಳಲು ಬಂದರೆ ಬಾಡಿಗೆದಾರನ ಗತಿ ಏನು? ನೋಂದಣಿಯಾಗದ ಪತ್ರವನ್ನೋ ಬರಿಯ ಬಾಯಿಮಾತನ್ನೋ ಹಿಡಿದುಕೊಂಡು ಒಂದು ವರ್ಷಕ್ಕಿಂತ ಹೆಚ್ಚಿನ ಹಕ್ಕನ್ನು ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿಯೂ 2019ರಲ್ಲಿಯೂ ಹೇಳಿದೆ. ಎರಡು ಲಕ್ಷ ಖರ್ಚು ಮಾಡಿ ಗಾಜಿನ ಕಪಾಟು, ಟೈಲ್ಸ್, ದೀಪ ಹಾಕಿಸಿದ ಮೇಲೆ ಈ ಸಂಗತಿ ತಿಳಿದು ಏನು ಪ್ರಯೋಜನ? ಮಾಲೀಕರ ಕಮಿಷನ್ ಪಡೆಯುವವನು ಅಡಮಾನದ ಸುದ್ದಿಯನ್ನು ತಾನಾಗಿ ಎತ್ತುವುದಿಲ್ಲ. ನಿಮ್ಮ ಕಡೆಯವರು ಅದನ್ನೇ ಮೊದಲು ಕೇಳುತ್ತಾರೆ. ತಮಿಳುನಾಡಿನ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಕುಳಿತಲ್ಲೇ ಹುಡುಕಿ ನೋಡಬಹುದು.

ಹನ್ನೊಂದು ತಿಂಗಳ ಕರಾರಿನ ವಾಡಿಕೆಯೂ ಹೀಗೆಯೇ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯಂತೆ ರಿಜಿಸ್ಟರ್ ಮಾಡಿಸಲೇಬೇಕು. ಆ ಖರ್ಚು ಬೇಡವೆಂದು ಹನ್ನೊಂದು ತಿಂಗಳು ಬರೆಯುತ್ತಾರೆ. ಮನೆಗಾದರೆ ಸರಿ. ಅಂಗಡಿಗೆ ಗಿರಾಕಿಗಳು ಕಾಲು ಹಾಕುವ ಅಭ್ಯಾಸವಾಗಲು ವರ್ಷ ಬೇಕು, ಅಷ್ಟರಲ್ಲಿ ಕರಾರು ಮುಗಿದಿರುತ್ತದೆ. ಒಳಾಂಗಣಕ್ಕೆ ಹಣ ಹಾಕುವವರು ಮೂರು ವರ್ಷಕ್ಕಾದರೂ ಬರೆಸಿ ರಿಜಿಸ್ಟರ್ ಮಾಡಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಬಾಡಿಗೆ ಏರಿಕೆಯ ಮಾತಿಗೆ ಬಂದರೆ, "ವರ್ಷಕ್ಕೆ ಐದು ಪರ್ಸೆಂಟ್ ಆದರೂ ಒಂದೇ, ಮೂರು ವರ್ಷಕ್ಕೆ ಹದಿನೈದು ಪರ್ಸೆಂಟ್ ಆದರೂ ಒಂದೇ ಅಣ್ಣಾ" ಎನ್ನುತ್ತಾರೆ. ಕಿವಿಗೆ ಒಂದೇ. 10,000 ಬಾಡಿಗೆಗೆ ವರ್ಷ ವರ್ಷ ಐದು ಏರಿಸಿದರೆ 10,000, 10,500, 11,025 ಆಗಿ ಮೂರು ವರ್ಷಕ್ಕೆ ಒಟ್ಟು 3,78,300 ಕಟ್ಟುತ್ತೀರಿ. ಮೂರು ವರ್ಷ ಮುಗಿದ ಮೇಲೆ ಏರಿಸುವುದಾದರೆ 3,60,000. ನಾಲ್ಕನೆಯ ವರ್ಷದ ಬಾಡಿಗೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆದರೂ, ದಾರಿಯಲ್ಲಿ 18,300 ರೂಪಾಯಿ ಕೈಬಿಟ್ಟಿರುತ್ತದೆ. ಒಂದು ಒಳ್ಳೆಯ ಹೊಲಿಗೆ ಯಂತ್ರದ ಹಣ.

ಜಿ.ಎಸ್.ಟಿ. ವಿಷಯದಲ್ಲಿ ಹಲವರು ಎಡವುತ್ತಿದ್ದಾರೆ. ವಾಣಿಜ್ಯ ಕಟ್ಟಡದ ಬಾಡಿಗೆಗೆ ಶೇಕಡಾ 18 ತೆರಿಗೆ. ಮಾಲೀಕರಿಗೆ ಜಿ.ಎಸ್.ಟಿ. ನೋಂದಣಿ ಇದ್ದರೆ ಅವರು ನಿಮ್ಮಿಂದ ವಸೂಲು ಮಾಡುತ್ತಾರೆ. ಮಾಲೀಕರಿಗೆ ನೋಂದಣಿ ಇಲ್ಲ, ನಿಮಗೆ ಇದೆ ಎಂದಾದರೆ, 2024ರ ಅಕ್ಟೋಬರ್ 10ರಿಂದ ಆ ತೆರಿಗೆಯನ್ನು ನೀವೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ವ್ಯಾಪಾರಿಗಳಿಗೆ 2025ರ ಜನವರಿ 16ರಿಂದ ಇದರಿಂದ ವಿನಾಯಿತಿ ಸಿಕ್ಕಿದೆ. 12,000 ಎಂದು ಒಪ್ಪಿಕೊಂಡ ಬಾಡಿಗೆ ತೆರಿಗೆ ಸೇರಿಯೋ ಹೊರತೋ ಎಂದು ಕರಾರಿನಲ್ಲಿ ಒಂದು ಸಾಲು ಇಲ್ಲದಿದ್ದರೆ ತಿಂಗಳಿಗೆ 2,160 ರೂಪಾಯಿಯ ಜಗಳ ಖಚಿತ. ವಿದ್ಯುತ್ತಿನದೂ ಹಾಗೆಯೇ: ಮನೆಯ ಮೀಟರಿನಲ್ಲಿ ಅಂಗಡಿ ನಡೆಸಿದರೆ 2003ರ ವಿದ್ಯುತ್ ಕಾಯಿದೆಯ 126ನೇ ಕಲಮಿನಂತೆ ಎರಡು ಪಟ್ಟು ದರದಲ್ಲಿ ಲೆಕ್ಕ ಹಾಕುತ್ತಾರೆ. ಮೀಟರಿನ ಮೇಲೆ ಒಂದು ಕಣ್ಣು ಹಾಕಲು ಐದು ನಿಮಿಷ ಸಾಕು.

ಹಾಗಾದರೆ ಇಂಥ 'ನಮ್ಮ ಕಡೆಯವರು' ಎಲ್ಲಿ ಸಿಗುತ್ತಾರೆ? ಬಾಡಿಗೆದಾರರ ಪ್ರತಿನಿಧಿ ಎಂದು ಬೋರ್ಡು ಹಾಕಿಕೊಂಡವರನ್ನು ಹುಡುಕುವುದು ಬೇಡ. ಸಿವಿಲ್ ವ್ಯವಹಾರ ನೋಡುವ ಒಬ್ಬ ವಕೀಲರು ಸಾಕು, ಮಾಲೀಕರ ಪತ್ರ ಬರೆದುಕೊಟ್ಟ ಅದೇ ವಕೀಲರು ಮಾತ್ರ ಬೇಡ. ನೋಂದಣಿ ಕಚೇರಿಯ ಎದುರಿನ ಪತ್ರ ಬರಹಗಾರರು ಹೇಳಿದ್ದನ್ನು ಬರೆಯುವವರು, ಸಲಹೆಗಾರರಲ್ಲ. ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿ ನಿವೃತ್ತರಾದವರು ಪ್ರತಿ ಧರ್ಮಕೇಂದ್ರದಲ್ಲಿಯೂ ಒಬ್ಬರಾದರೂ ಇರುತ್ತಾರೆ, ಆಸ್ತಿ ಪತ್ರ ಓದುವ ಕಣ್ಣು ಅವರಿಗಿರುತ್ತದೆ. ಆದರೆ ಪುಕ್ಕಟೆಯಾಗಿ ಕೇಳಬೇಡಿ. ಪುಕ್ಕಟೆ ಕೇಳಿದರೆ ಸಂಕೋಚಕ್ಕೆ ಒಂದು ಸಲ ನೋಡಿ "ಪರವಾಗಿಲ್ಲ" ಎಂದುಬಿಡುತ್ತಾರೆ. ಸಂಬಂಧಿಕರ ವಿಷಯದಲ್ಲಿ ಇನ್ನೂ ಎಚ್ಚರ. ಸೋದರಮಾವ ನಿಮ್ಮವರೇ, ಆದರೆ ಆ ಮಾಲೀಕರ ಹತ್ತಿರ ಅವರು ಕೈಸಾಲ ಮಾಡಿದ್ದರೆ?

ಇಲ್ಲಿ ಒಂದು ಸೂಕ್ಷ್ಮ ಮಾತನ್ನೂ ಹೇಳಿಬಿಡುತ್ತೇನೆ. ಕೆಲವು ಊರುಗಳಲ್ಲಿ ದೇವಾಲಯದ ರಸ್ತೆ ಬದಿಯ ಮಳಿಗೆಗಳಿಗೆ ಧರ್ಮಕೇಂದ್ರವೇ ಮಾಲೀಕ. "ಸ್ವಾಮಿಗಳೇ ಕೊಡುವಾಗ ನಮಗೇಕೆ ಬೇರೆಯವರು" ಎಂದು ನಮ್ಮವರು ಪತ್ರವನ್ನು ಓದದೆ ಸಹಿ ಹಾಕುತ್ತಾರೆ. ಸ್ವಾಮಿಗಳಿಗೆ ವರ್ಗಾವಣೆಯಾಗುತ್ತದೆ, ಪಾಲನಾ ಸಮಿತಿಯೂ ಬದಲಾಗುತ್ತದೆ. ಉಳಿಯುವುದು ಪತ್ರ. ಅಲ್ಲಿಯೂ ನಿಮ್ಮ ಕಡೆಯಿಂದ ಒಬ್ಬರು ಓದಲಿ, ಅವರು ಸಮಿತಿಯ ಸದಸ್ಯರಾಗಿರದಿರಲಿ. ಇದರಲ್ಲಿ ಅವಿಶ್ವಾಸವೇನೂ ಇಲ್ಲ. ಬುದ್ಧಿವಂತ ಗುರುಗಳು ಇದನ್ನು ಮೆಚ್ಚುತ್ತಾರೆ, ಮುಂದೆ ಬರುವ ತಕರಾರು ಅವರಿಗೂ ತಪ್ಪುತ್ತದೆ.

ದಲ್ಲಾಳಿಯನ್ನು ಏನು ಮಾಡುವುದು? ಮಳಿಗೆ ತೋರಿಸಲಿ, ಪರಿಚಯ ಮಾಡಿಸಲಿ. "ಮಾಲೀಕರಿಂದಲೂ ನಿಮಗೆ ಬರುತ್ತದೆಯೇ?" ಎಂದು ಮೊದಲ ದಿನವೇ ನಗುನಗುತ್ತ ಕೇಳಿ. ಹೌದು ಎಂದರೆ ಅದು ಪ್ರಾಮಾಣಿಕ ಉತ್ತರ, ಅವರ ಕೂಲಿಯನ್ನು ಸಂತೋಷದಿಂದ ಕೊಡಿ. ಬಾಡಿಗೆ, ಅಡ್ವಾನ್ಸ್, ಅವಧಿ, ಬಿಡುವಾಗ ನೀವು ಹಾಕಿಸಿದ ಕಪಾಟು ಯಾರಿಗೆ, ಈ ಮಾತುಗಳನ್ನು ಮಾತ್ರ ನಿಮ್ಮ ಕಡೆಯವರು ನೇರವಾಗಿ ಮಾಲೀಕರೊಂದಿಗೆ ಆಡಲಿ. ಆಡಿದ್ದನ್ನು ಅಂದೇ ಒಂದು ಕಾಗದದಲ್ಲಿ ಬರೆದಿಡಲಿ. ಕರಡು ಬಂದಾಗ ಅದನ್ನು ಮನೆಯಲ್ಲಿ, ಮನೆಯವರೆಲ್ಲರ ಮುಂದೆ, ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಒಡವೆ ಕೊಟ್ಟ ತಾಯಿಗೂ ಅರ್ಥವಾಗಬೇಕು.

ಈಗಾಗಲೇ ಅಂಗಡಿ ನಡೆಸುತ್ತಿರುವವರು ಇದು ತಮಗಲ್ಲ ಎಂದುಕೊಳ್ಳಬೇಕಾಗಿಲ್ಲ. ಕರಾರು ಮುಗಿದು ನವೀಕರಣವಾಗದಿದ್ದರೆ ಅದೇ ಷರತ್ತುಗಳಲ್ಲಿ ತಿಂಗಳಿಂದ ತಿಂಗಳಿಗೆ ಮುಂದುವರಿಯಲು ತಮಿಳುನಾಡಿನ ಕಾಯಿದೆ ಹೆಚ್ಚೆಂದರೆ ಆರು ತಿಂಗಳು ಕೊಡುತ್ತದೆ. ಗಿರಾಕಿಗಳು, ಬೋರ್ಡು, ಸಾಲ ಎಲ್ಲವೂ ಆ ಬಾಗಿಲಿಗೇ ಅಂಟಿಕೊಂಡಿರುವುದರಿಂದ ಮಾಲೀಕರ ಕೈ ಮೇಲಾಗುವುದು ಆಗಲೇ. ಮುಗಿಯುವ ತಾರೀಖಿಗಿಂತ ಆರು ತಿಂಗಳು ಮೊದಲೇ ನಿಮ್ಮ ಕಡೆಯವರನ್ನು ಕರೆದು ಮಾತು ಆರಂಭಿಸಿ, ಅದೇ ಬೀದಿಯಲ್ಲಿ ಇನ್ನೊಂದು ಖಾಲಿ ಮಳಿಗೆಯ ಬಾಡಿಗೆಯನ್ನೂ ವಿಚಾರಿಸಿ ಇಟ್ಟುಕೊಂಡಿರಿ. ಆ ತಾರೀಖು ಯಾವುದೆಂದು ನಮ್ಮಲ್ಲಿ ಹಲವರಿಗೆ ನೆನಪಿರುವುದಿಲ್ಲ. ಪೆಟ್ಟಿಗೆಯಿಂದ ಪತ್ರ ತೆಗೆದು ಇಂದೇ ಒಮ್ಮೆ ನೋಡಿ.